ಎಂಟು ಗರಿಗಳ ವಂಶಾವಳಿ

1977ನೆಯ ಇಸವಿಯ ನವೆಂಬರಿನಲ್ಲಿ ಸೋವಿಯೆತ್ ಒಕ್ಕೂಟದಿಂದ ಒಂದು ಇನ್‌ಫ್ಲುಯೆಂಜಾ ಜ್ವರದ ಸುದ್ದಿ ಹೊರಬಿದ್ದಿತು. ಅದಕ್ಕೆ ಆರು ತಿಂಗಳು ಮುಂಚೆಯೇ ಅದು ಈಶಾನ್ಯ ಚೀನದಲ್ಲಿ ತಲೆದೋರಿದ್ದಿತೆಂಬುದು ತರುವಾಯ ತಿಳಿದುಬಂದಿತು. ಜ್ವರವೇನೋ ಸೌಮ್ಯವಾದುದೆ, ಆದರೆ ಅದರ ನಡವಳಿಕೆಯಲ್ಲಿ ವಿಚಿತ್ರವಾದ ಒಂದು ಪಕ್ಷಪಾತವಿದ್ದಿತು. ಶಾಲೆಯ ಮಕ್ಕಳು, ಕಾಲೇಜಿನ ವಿದ್ಯಾರ್ಥಿಗಳು, ಸೈನ್ಯಕ್ಕೆ ಹೊಸದಾಗಿ ಸೇರಿದ ತರುಣರು, ಇವರನ್ನೇ ಹುಡುಕಿ ಹುಡುಕಿ ಮಲಗಿಸಿದ ಆ ರೋಗವು ಇಪ್ಪತ್ತೈದು ಇಪ್ಪತ್ತಾರರ ಪ್ರಾಯ ದಾಟಿದವರ ತಂಟೆಗೆ ಬಹುಮಟ್ಟಿಗೆ ಹೋಗಲೇ ಇಲ್ಲ. ಅಮೆರಿಕದ ಕೊಲರಾಡೊದಲ್ಲಿರುವ ವಾಯುಸೇನಾ ಅಕಾಡೆಮಿಯಲ್ಲಿ 1978ರ ಆರಂಭದಲ್ಲಿ ಮುಕ್ಕಾಲುಪಾಲಿನಷ್ಟು ಕೆಡೆಟ್‌ಗಳು ಹಾಸಿಗೆ ಹಿಡಿದರು. ಅವರಿಗೆ ಪಾಠ ಹೇಳುತ್ತಿದ್ದ ಹಿರಿಯರು ಮಾತ್ರ ಎಂದಿನಂತೆ ಓಡಾಡಿಕೊಂಡಿದ್ದರು.

ಈ ಪಕ್ಷಪಾತದ ಕಾರಣವನ್ನು ಹೊರಗೆಡಹಿದವರು ನ್ಯೂಯಾರ್ಕಿನ ಪೀಟರ್ ಪಲೀಸ್ ಮತ್ತು ಅವರ ಸಂಗಡಿಗರು. ವೈರಾಣುವಿನ ಆರ್‌ಎನ್‌ಎಯನ್ನು ಕಿಣ್ವವೊಂದರಿಂದ ತುಂಡರಿಸಿ, ತುಂಡುಗಳನ್ನು ಜೆಲ್ಲಿನ ಹಾಳೆಯ ಮೇಲೆ ಹರಿಯಬಿಟ್ಟು, ಅಲ್ಲಿ ಮೂಡಿದ ಚುಕ್ಕೆಗಳ ವಿನ್ಯಾಸವನ್ನು ಹಳೆಯ ವೈರಾಣುಗಳ ವಿನ್ಯಾಸದೊಡನೆ ಅವರು ಹೋಲಿಸಿ ನೋಡಿದರು. ಹೊಸತೆಂದು ಹೆಸರಾದ ಈ ಎಚ್1ಎನ್1 ವೈರಾಣುವು 1950ರ ಸುಮಾರಿನಲ್ಲಿ ಸಂಗ್ರಹಿಸಿಟ್ಟಿದ್ದ ವೈರಾಣುವಿಗೆ ಹೆಚ್ಚುಕಡಿಮೆ ತದ್ರೂಪವಾಗಿದ್ದಿತು. ಅದೇ ಜಾತಿಯ ವೈರಾಣು 1957ರಲ್ಲಿಯೇ ಮನುಷ್ಯರ ನಡುವಿನಿಂದ ಕಣ್ಮರೆಯಾಗಿದ್ದುದರಿಂದ, ಅದಕ್ಕೆ ಮುಂಚೆ ಹುಟ್ಟಿದವರ ದೇಹಕ್ಕೆ ಅದರ ಪರಿಚಯವಿದ್ದಿತು. ಅನಂತರ ಹುಟ್ಟಿದವರಿಗೆ ಇರಲಿಲ್ಲ. ಇಷ್ಟಕ್ಕೆ ಒಗಟು ಬಿಡಿಸಿದಂತಾಯಿತೆಂದುಕೊಳ್ಳುವಷ್ಟರಲ್ಲಿಯೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಎದ್ದು ನಿಂತಿತು: ಈ ಇಪ್ಪತ್ತೇಳು ವರ್ಷಗಳ ಕಾಲ ಆ ವೈರಾಣು ಒಂದಿಷ್ಟೂ ವಯಸ್ಸಾಗದೆ ಎಲ್ಲಿ ಕುಳಿತಿದ್ದಿತು?

ವಯಸ್ಸಾಗದೆ ಇರುವುದು ಇನ್‌ಫ್ಲುಯೆಂಜಾಕ್ಕೆ ಏಕೆ ಅಸಾಧ್ಯವೆಂಬುದನ್ನು ತಿಳಿಯಬೇಕಾದರೆ ಅದರ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಅಗಲದ ಆ ಗುಂಡಿನೊಳಗೆ ಆರ್‌ಎನ್‌ಎಯ ಎಂಟು ಬಿಡಿ ತುಣುಕುಗಳಿವೆ; ಎಂಟೂ ಸೇರಿ ಸುಮಾರು 13,500 ಅಕ್ಷರಗಳು. ಮನುಷ್ಯನ ವಂಶಗ್ರಂಥದ 300 ಕೋಟಿ ಅಕ್ಷರಗಳ ಮುಂದೆ ಇದು ಎಷ್ಟರದು! ನಮ್ಮ ಹಿಂದಿನವರು ಕಾವ್ಯಗಳನ್ನು ಬರೆದಿಟ್ಟ ಓಲೆಗರಿಯ ಕಟ್ಟನ್ನು ಕಂಡವರಿಗೆ ಈ ರಚನೆಯನ್ನು ವಿವರಿಸುವುದು ಸುಲಭ. ಇದು ಎಂಟೇ ಗರಿಗಳ ಒಂದು ಪುಟ್ಟ ಕಟ್ಟು, ಅದೂ ದಾರ ಪೋಣಿಸದ ಕಟ್ಟು. ಇದನ್ನು ಪ್ರತಿಮಾಡುವ ಲಿಪಿಕಾರನು ವೈರಾಣುವೇ ಹೊತ್ತು ತಂದಿರುವ ಒಂದು ಕಿಣ್ವ. ಬರೆದುದನ್ನು ತಿರುಗಿ ಓದಿ ತಿದ್ದುವ ಅಭ್ಯಾಸ ಅದಕ್ಕೆ ಇಲ್ಲ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಗಳಿಗೆ ಆ ಶಿಸ್ತು ಇದೆ. ಇದಕ್ಕಿಲ್ಲದ ಕಾರಣ ಒಂದೊಂದು ಹೊಸ ಕಟ್ಟಿನಲ್ಲಿಯೂ ಸರಾಸರಿ ಒಂದೆರಡು ಅಕ್ಷರಗಳು ತಪ್ಪುತ್ತವೆ. ಸೋಂಕು ತಗಲಿದ ಒಂದು ಕೋಶದಿಂದ ಸಾವಿರಗಟ್ಟಲೆ ಪ್ರತಿಗಳು ಹೊರಬೀಳುವಾಗ ಪಾಠಾಂತರಗಳಿಗೆ ಕೊನೆಯೆಲ್ಲಿ? ಅವುಗಳಲ್ಲಿ ಬಹುಪಾಲು ಕೆಟ್ಟ ಪ್ರತಿಗಳಾಗಿ ನಶಿಸಿಹೋಗುತ್ತವೆ. ಎಲ್ಲೋ ಒಂದು ತಪ್ಪು ಮಾತ್ರ, ನಮ್ಮ ರಕ್ತದಲ್ಲಿನ ಪ್ರತಿಕಾಯಗಳು ಗುರುತು ಹಿಡಿಯದಂತೆ ಮುಖವನ್ನು ಮಾರ್ಪಡಿಸಿಕೊಳ್ಳಲು ನೆರವಾಗಿ, ತಾನೂ ಉಳಿದು ಮುಂದಿನ ಪೀಳಿಗೆಗೂ ಇಳಿಯುತ್ತದೆ.

ಮುಖವೆಂದರೆ ಮುಖ್ಯವಾಗಿ ಎರಡು ಪ್ರೋಟೀನುಗಳು. ವೈರಾಣುವಿನ ಮೈಮೇಲೆ ಮುಳ್ಳುಗಳಂತೆ ನಿಂತಿರುವ ಹೀಮಾಗ್ಲುಟಿನಿನ್ ನಮ್ಮ ಕೋಶದ ಹೊರಮೈಯನ್ನು ಹಿಡಿದು ಒಳಹೊಗಿಸುತ್ತದೆ. ನ್ಯೂರಾಮಿನಿಡೇಸ್ ಹೊಸದಾಗಿ ಹುಟ್ಟಿದ ವೈರಾಣುಗಳನ್ನು ಕತ್ತರಿಸಿ ಹೊರಗೆ ಬಿಡುತ್ತದೆ. ಎಚ್ ಎಂದೂ ಎನ್ ಎಂದೂ ಪತ್ರಿಕೆಗಳಲ್ಲಿ ಕಾಣುವುದು ಇವುಗಳ ಗುರುತೇ. ಸುಮಾರು 1,700 ಅಕ್ಷರಗಳ ಹೀಮಾಗ್ಲುಟಿನಿನ್ ತುಣುಕಿನಲ್ಲಿ ವರ್ಷವೊಂದಕ್ಕೆ ಐದಾರು ಅಕ್ಷರಗಳಾದರೂ ಮಾರ್ಪಟ್ಟು ನೆಲೆಗೊಳ್ಳುತ್ತವೆ. ಜನವರಿಯ ಫ್ಲೂ ಲಸಿಕೆ ಮರುವರ್ಷಕ್ಕೆ ಹಳತಾಗುವುದೂ, ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆರಡು ಬಾರಿ ಸಭೆ ಸೇರಿ ಲಸಿಕೆಯ ಪಾಕವನ್ನು ನಿಷ್ಕರ್ಷೆಮಾಡುವುದೂ ಇದೇ ಕಾರಣದಿಂದ. ಹಾಗಿರುವಲ್ಲಿ ಇಪ್ಪತ್ತೇಳು ವರ್ಷಗಳ ತರುವಾಯ ಅದೇ ತುಣುಕಿನಲ್ಲಿ ನೂರಕ್ಕೂ ಮಿಕ್ಕಿ ಅಕ್ಷರಗಳು ಬದಲಾಗಿರಬೇಕಾಗಿತ್ತು, ಬದಲಾಗಿರಲಿಲ್ಲ. ಯಾವ ಪ್ರಾಣಿಯ ಮೈಯಲ್ಲಿ ಬಾಳಿದ್ದರೂ ಅದು ಹೀಗೆ ಉಳಿಯುತ್ತಿರಲಿಲ್ಲವಾದುದರಿಂದ, ಅದು ಯಾವುದೋ ಪ್ರಯೋಗಶಾಲೆಯ ಶೀತಲ ಪೆಟ್ಟಿಗೆಯಿಂದ, ಬಹುಶಃ ಜೀವಂತ ಲಸಿಕೆಯೊಂದರ ಪ್ರಯೋಗದ ಸಂದರ್ಭದಲ್ಲಿ, ಹೊರಬಿದ್ದುದೆಂದು ಹೆಚ್ಚಿನ ತಜ್ಞರು ಊಹಿಸುತ್ತಾರೆ. ಹೊಣೆ ಹೊತ್ತವರು ಯಾರೂ ಇಲ್ಲ.

ಈ ಬಗೆಯ ಮೆಲ್ಲನೆಯ ಮಾರ್ಪಾಡಿನಿಂದ ಋತುಮಾನದ ಜ್ವರಗಳು ಹುಟ್ಟಬಹುದೇ ಹೊರತು ಮಹಾಮಾರಿಗಳಲ್ಲ. ಮಹಾಮಾರಿಗೆ ಕಟ್ಟಿನಲ್ಲಿ ದಾರವಿಲ್ಲದಿರುವುದು ಕಾರಣ. ಎರಡು ಬೇರೆ ಬೇರೆ ಇನ್‌ಫ್ಲುಯೆಂಜಾ ವೈರಾಣುಗಳು ಒಂದೇ ಕೋಶವನ್ನು ಏಕಕಾಲದಲ್ಲಿ ಹೊಕ್ಕರೆ, ಹದಿನಾರು ಗರಿಗಳೂ ಅಲ್ಲಿ ಬೆರೆತು, ಹೊರಬರುವ ಮರಿಗಳು ಇದರಿಂದ ನಾಲ್ಕು ಅದರಿಂದ ನಾಲ್ಕು, ಇಲ್ಲವೆ ಇದರಿಂದ ಎರಡು ಅದರಿಂದ ಆರು ಎಂಬಂತೆ ಕೂಡಿಸಿಕೊಂಡುಬಿಡುತ್ತವೆ. ಮನುಷ್ಯರಲ್ಲಿ ಹರಡಲು ಪಳಗಿದ ಗರಿಗಳ ನಡುವೆ, ಮನುಷ್ಯರು ಕಂಡೇ ಇರದ ಹೀಮಾಗ್ಲುಟಿನಿನ್ನಿನ ಗರಿಯೊಂದು ಸೇರಿಕೊಂಡಿತೆಂದರೆ, ಅದನ್ನು ತಡೆಯುವ ಪ್ರತಿಕಾಯ ಲೋಕದಲ್ಲಿ ಯಾರ ರಕ್ತದಲ್ಲಿಯೂ ಇರುವುದಿಲ್ಲ.

ಅಂತಹ ಅಪರಿಚಿತ ಗರಿಗಳ ಭಂಡಾರವಿರುವುದು ನೀರುಹಕ್ಕಿಗಳ ಕರುಳಿನಲ್ಲಿ. 1967ರಲ್ಲಿ ಗ್ರೇಮ್ ಲೇವರ್, ರಾಬರ್ಟ್ ವೆಬ್‌ಸ್ಟರ್ ಎಂಬ ಇಬ್ಬರು ವಿಜ್ಞಾನಿಗಳು ಆಸ್ಟ್ರೇಲಿಯದ ಕಡಲ ದಂಡೆಯಲ್ಲಿ ತಿರುಗಾಡುತ್ತಿದ್ದಾಗ ಅಲ್ಲಲ್ಲಿ ಸತ್ತುಬಿದ್ದಿದ್ದ ಕಡಲಹಕ್ಕಿಗಳನ್ನು ಕಂಡು, ಇವು ಫ್ಲೂನಿಂದ ಸತ್ತಿರಬಹುದೆ ಎಂದು ಅರ್ಧ ವಿನೋದವಾಗಿ ಮಾತನಾಡಿಕೊಂಡರಂತೆ. ವಿನೋದವನ್ನು ಅಲ್ಲಿಗೇ ಬಿಡದೆ, ಗ್ರೇಟ್ ಬ್ಯಾರಿಯರ್ ರೀಫಿನ ದ್ವೀಪಗಳಿಗೆ ಹೋಗಿ ಹಕ್ಕಿಗಳ ರಕ್ತವನ್ನು ಪರೀಕ್ಷಿಸಿದರು; 1957ರಲ್ಲಿ ಮನುಷ್ಯರನ್ನು ಕಾಡಿದ ವೈರಾಣುವಿನ ವಿರುದ್ಧದ ಪ್ರತಿಕಾಯಗಳು ಆ ನಿರ್ಜನ ದ್ವೀಪದ ಹಕ್ಕಿಗಳಲ್ಲಿ ಸಿಕ್ಕವು. ಮುಂದಿನ ದಶಕಗಳ ಸಂಶೋಧನೆಯಿಂದ ಹದಿನಾರು ಬಗೆಯ ಎಚ್ ಮತ್ತು ಒಂಬತ್ತು ಬಗೆಯ ಎನ್‌ಗಳು ಬಾತು, ಕಡಲಕಾಗೆ ಮೊದಲಾದ ಹಕ್ಕಿಗಳಲ್ಲಿ, ಬಹುಮಟ್ಟಿಗೆ ಅವುಗಳಿಗೆ ಯಾವ ಬೇನೆಯನ್ನೂ ತಾರದೆ, ಕೊಳದ ನೀರಿನ ಮೂಲಕ ಒಂದರಿಂದೊಂದಕ್ಕೆ ದಾಟುತ್ತ ಬಂದಿವೆಯೆಂಬುದು ಸ್ಥಿರಪಟ್ಟಿತು.

ಇನ್ನು 1918ರ ವಿಷಯ. ಆ ವರ್ಷದ ಜೂನಿನಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡ ಜ್ವರವು ರೈಲುದಾರಿಗಳನ್ನು ಹಿಡಿದು ದೇಶದ ಒಳಕ್ಕೆ ಇಳಿದು, ಸೆಪ್ಟೆಂಬರಿನ ತರುವಾಯದ ಎರಡನೆಯ ಅಲೆಯಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳನ್ನೂ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. ಹಿಂದುಸ್ಥಾನದಲ್ಲಿ ಸತ್ತವರ ಲೆಕ್ಕವನ್ನು ವಿದ್ವಾಂಸರು 1.2 ಕೋಟಿಯಿಂದ 1.8 ಕೋಟಿಯವರೆಗೆ ಬೇರೆ ಬೇರೆಯಾಗಿ ಹಾಕುತ್ತಾರೆ. ನಮ್ಮ ದೇಶದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಏರುವುದಕ್ಕೆ ಬದಲು ಇಳಿದ ದಶಕ 1911ರಿಂದ 1921ರವರೆಗಿನದೊಂದೆ. ಆದರೂ ಆ ವೈರಾಣುವನ್ನು ಅಂದು ಯಾರೂ ನೋಡಿದವರಿಲ್ಲ. ಮನುಷ್ಯನ ಇನ್‌ಫ್ಲುಯೆಂಜಾ ವೈರಾಣುವನ್ನು ಲಂಡನ್ನಿನ ವಿಜ್ಞಾನಿಗಳು ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಯಲ್ಲಿ ಬೆಳೆಸಿ ಗುರುತಿಸಿದುದು 1933ರಲ್ಲಿ.

ಕಳೆದುಹೋಗಿದ್ದ ಆ ಮೂಲಪ್ರತಿಯನ್ನು ಮಣ್ಣಿನಿಂದ ಹೊರತೆಗೆದ ಕೀರ್ತಿ ಯೋಹಾನ್ ಹುಲ್ಟಿನ್ ಎಂಬ ಸ್ವೀಡನ್ ಮೂಲದ ವೈದ್ಯನದು. ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಕಡಲಂಚಿನ ಹಳ್ಳಿಯಲ್ಲಿ 1918ರ ನವೆಂಬರಿನ ಒಂದು ವಾರದೊಳಗೆ 80 ಮಂದಿ ವಯಸ್ಕರಲ್ಲಿ 72 ಮಂದಿ ತೀರಿಕೊಂಡು, ಸದಾ ಹೆಪ್ಪುಗಟ್ಟಿರುವ ನೆಲದಲ್ಲಿ ಒಂದೇ ಗೋರಿಯಲ್ಲಿ ಹೂಳಲ್ಪಟ್ಟಿದ್ದರು. ಆತ 1951ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಲ್ಲಿಗೆ ಹೋಗಿ ಹೆಣಗಳ ಶ್ವಾಸಕೋಶದ ಚೂರುಗಳನ್ನು ತಂದು ವೈರಾಣುವನ್ನು ಬೆಳೆಸಲು ಹೆಣಗಿದನು, ಆಗಲಿಲ್ಲ. 1997ರಲ್ಲಿ, ಜೆಫ್ರಿ ಟೌಬೆನ್‌ಬರ್ಗರ್ ಎಂಬ ವಿಜ್ಞಾನಿ 1918ರಲ್ಲಿ ಮಡಿದ ಸೈನಿಕನೊಬ್ಬನ ಶ್ವಾಸಕೋಶದ ತುಣುಕಿನಿಂದ, ಸೈನ್ಯದ ರೋಗಶಾಸ್ತ್ರ ಸಂಸ್ಥೆಯಲ್ಲಿ ಮೇಣದಲ್ಲಿ ಅದ್ದಿ ಕಾದಿರಿಸಿದ್ದ ತುಣುಕಿನಿಂದ, ವೈರಾಣುವಿನ ಕೆಲವು ಅಕ್ಷರಗಳನ್ನು ಓದಿದ ಸುದ್ದಿಯನ್ನು ಓದಿ, ಎಪ್ಪತ್ತೆರಡರ ವಯಸ್ಸಿನ ಆ ವೃದ್ಧ ಮತ್ತೆ ಹೊರಟನು. ಹಳ್ಳಿಯ ಹಿರಿಯರ ಒಪ್ಪಿಗೆ ಪಡೆದು, ತನ್ನದೇ ಹಣದಿಂದ, ಗೋರಿಯನ್ನು ಅಗೆಸಿದನು. ಸುಮಾರು ಏಳು ಅಡಿ ಆಳದಲ್ಲಿ ಸ್ಥೂಲಕಾಯದ ಒಬ್ಬ ಹೆಂಗಸಿನ ದೇಹ ಸಿಕ್ಕಿತು. ಮೈಯ ಕೊಬ್ಬು ಆಕೆಯ ಶ್ವಾಸಕೋಶಗಳನ್ನು ಕೊಳೆಯದಂತೆ ಕಾಪಾಡಿದ್ದಿತು. ಪಕ್ಕೆಲುಬುಗಳನ್ನು ಕತ್ತರಿಸಲು ಆತ ಬಳಸಿದುದು ತನ್ನ ಹೆಂಡತಿ ತೋಟದಲ್ಲಿ ಗಿಡ ಸವರುತ್ತಿದ್ದ ಕತ್ತರಿಯನ್ನು. ಗೋರಿಯನ್ನು ಮತ್ತೆ ಮುಚ್ಚಿ, ಹಳೆಯದು ಕೊಳೆತುಹೋಗಿದ್ದ ಕಡೆ ಹೊಸ ಶಿಲುಬೆಗಳನ್ನು ತಾನೇ ಮಾಡಿ ನೆಟ್ಟು ಬಂದನೆಂಬುದನ್ನು ಇಲ್ಲಿ ಸೇರಿಸುವುದು ಅಪ್ರಸ್ತುತವಾಗದು.

ಆ ಶ್ವಾಸಕೋಶದಲ್ಲಿ ಉಳಿದಿದ್ದುದು ನೂರು ಚಿಲ್ಲರೆ ಅಕ್ಷರಗಳ ಛಿದ್ರ ಛಿದ್ರವಾದ ಆರ್‌ಎನ್‌ಎ. ಅದನ್ನು ಕೂಡಿಸಿ ಎಂಟು ಗರಿಗಳನ್ನೂ ಪೂರ್ತಿಯಾಗಿ ಓದಿ ಮುಗಿಸುವ ವೇಳೆಗೆ 2005 ಬಂದಿತು. ಅದೇ ವರ್ಷ ಅಟ್ಲಾಂಟದ ಪ್ರಯೋಗಶಾಲೆಯಲ್ಲಿ ಟೆರೆನ್ಸ್ ಟಂಪಿ ಎಂಬವರು ಆ ಪಾಠವನ್ನು ಅನುಸರಿಸಿ ವೈರಾಣುವನ್ನೇ ಮರಳಿ ಕಟ್ಟಿ ಇಲಿಗಳ ಮೇಲೆ ಪ್ರಯೋಗಿಸಿದಾಗ, ಅದು ಅವುಗಳನ್ನು ಕೆಲವೇ ದಿನಗಳಲ್ಲಿ ಕೊಂದಿತು. ಸತ್ತುಹೋದುದನ್ನು ಎಬ್ಬಿಸುವ ಈ ಕಾರ್ಯ ಸಾಧುವೆ ಎಂಬ ಚರ್ಚೆ ಆಗಲೇ ಎದ್ದು ಇಂದಿಗೂ ಅಡಗಿಲ್ಲ. 1977ರ ಪ್ರಸಂಗವನ್ನು ನೆನೆದವರಿಗೆ ಆ ಅಂಜಿಕೆ ಹುಸಿಯೆಂದು ತೋರದು. ಪಾಠವನ್ನು ಓದಿದುದರಿಂದ ಆದ ಲಾಭ ಮಾತ್ರ ದೊಡ್ಡದು. ಎಂಟು ಗರಿಗಳಲ್ಲಿಯೂ ಹಕ್ಕಿಗಳ ವೈರಾಣುವಿನ ಚಹರೆ ಎದ್ದು ಕಾಣುತ್ತಿದ್ದಿತು. ಇಡಿಯ ವೈರಾಣು ಹಕ್ಕಿಗಳಿಂದ ನೇರವಾಗಿ ಮನುಷ್ಯನಿಗೆ ಇಳಿಯಿತೆಂದು ಟೌಬೆನ್‌ಬರ್ಗರ್ ವಾದಿಸಿದರೆ, ಹೀಮಾಗ್ಲುಟಿನಿನ್ನಿನ ಗರಿ ಅದಕ್ಕೆ ಸುಮಾರು ಹತ್ತು ವರ್ಷ ಮುಂಚೆಯೇ ಮನುಷ್ಯರಲ್ಲಿ ನೆಲೆಸಿದ್ದು, ಉಳಿದವು 1918ರ ಹತ್ತಿರದಲ್ಲಿ ಹಕ್ಕಿಗಳಿಂದ ಬಂದು ಕೂಡಿಕೊಂಡವೆಂದು ಮೈಕೇಲ್ ವೊರೊಬೇ ಮೊದಲಾದವರು 2014ರಲ್ಲಿ ಪ್ರತಿಪಾದಿಸಿದರು. ಒಂದೇ ತಪ್ಪನ್ನು ಹಂಚಿಕೊಂಡ ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದುವೆಂಬ ಗ್ರಂಥಸಂಪಾದಕರ ಸೂತ್ರವೇ ಈ ವಾದಗಳೆರಡಕ್ಕೂ ಆಧಾರ.

ಈ ಸೂತ್ರವನ್ನು ಹಿಡಿದು 1918ರಿಂದ ಈಚೆಗೆ ನಡೆದು ಬಂದರೆ ಕಾಣುವುದು ಬೇರೆ ಬೇರೆ ಮಾರಿಗಳ ಸಾಲಲ್ಲ, ಒಂದೇ ಮನೆತನದ ಕಥೆ. 1957ರ ಎಚ್2ಎನ್2 ದಕ್ಷಿಣ ಚೀನದಲ್ಲಿ ಹುಟ್ಟಿ, ಸಿಂಗಪುರದಿಂದ ಹಡಗಿನಲ್ಲಿ ಮೇ ತಿಂಗಳಲ್ಲಿ ಮದರಾಸಿಗೆ ಬಂದಿಳಿದು ಭಾರತವನ್ನು ಹೊಕ್ಕಿತು. ಅದರಲ್ಲಿ ಹಕ್ಕಿಯಿಂದ ಬಂದ ಹೊಸ ಗರಿಗಳು ಮೂರು ಮಾತ್ರ: ಎರಡು ಮುಖದವು, ಒಂದು ಲಿಪಿಕಾರ ಕಿಣ್ವದ ಪಿಬಿ1 ಎಂಬ ಅಂಗದ್ದು. ಮಿಕ್ಕ ಐದು ಗರಿಗಳು 1918ರವೇ. 1968ರ ಹಾಂಗ್‌ಕಾಂಗ್ ಫ್ಲೂ ಎಚ್3ಎನ್2ರಲ್ಲಿ ಹೀಮಾಗ್ಲುಟಿನಿನ್ ಮತ್ತು ಪಿಬಿ1 ಮತ್ತೆ ಬದಲಾದುವು; ಎನ್2 ಹಾಗೆಯೇ ನಿಂತಿತು; ಆ ಐದು ಗರಿಗಳು ಆಗಲೂ ಕದಲಲಿಲ್ಲ. ಇಂದಿಗೂ ಮಳೆಗಾಲದಲ್ಲಿ ನಮ್ಮನ್ನು ನಾಲ್ಕು ದಿನ ಮಲಗಿಸುವ ಎಚ್3ಎನ್2 ಜ್ವರದ ಒಡಲಲ್ಲಿ, ನೂರಾರು ಪಾಠಾಂತರಗಳನ್ನು ಹೊತ್ತು, ನಮ್ಮ ಮುತ್ತಜ್ಜಂದಿರನ್ನು ಕೊಂದ ವೈರಾಣುವಿನ ಗರಿಗಳು ಇವೆ. 1918ರ ಮಾರಿ ಮುಗಿಯಿತೆಂದು ಚರಿತ್ರಕಾರರು ಬರೆಯುವುದು ಅದು ಕೊಲ್ಲುವುದನ್ನು ಕಡಿಮೆ ಮಾಡಿತೆಂಬ ಅರ್ಥದಲ್ಲಿ ಮಾತ್ರ ಸರಿ.

ಮನೆತನದ ಇನ್ನೊಂದು ಶಾಖೆ ಹಂದಿಗಳಲ್ಲಿ ಬೆಳೆಯಿತು. 1918ರ ಶರತ್ಕಾಲದಲ್ಲಿ ಅಮೆರಿಕದ ಅಯೊವಾ ಪ್ರಾಂತದಲ್ಲಿ ಹಂದಿಗಳಿಗೂ ಅದೇ ಬಗೆಯ ಜ್ವರ ಬಂದುದನ್ನು ಕಂಡು ಕೋಯೆನ್ ಎಂಬ ಪಶುವೈದ್ಯನು, ಇದು ಮನುಷ್ಯರ ರೋಗವೇ ಎಂದು ಹಟಹಿಡಿದು ಹೇಳಿ, ಹಂದಿ ಸಾಕುವವರ ಕೋಪಕ್ಕೆ ಪಾತ್ರನಾದನು. ರಿಚರ್ಡ್ ಶೋಪ್ 1930ರ ಸುಮಾರಿನಲ್ಲಿ ಹಂದಿಯ ವೈರಾಣುವನ್ನು ಬೇರ್ಪಡಿಸಿದ ಮೇಲೆ ಆತನ ಮಾತು ಸಿದ್ಧಪಟ್ಟಿತು. ಮನುಷ್ಯರಲ್ಲಿ ಆ ವೈರಾಣುವಿನ ಮುಖ ವರ್ಷ ವರ್ಷವೂ ಬದಲಾಗುತ್ತ ಹೋದರೆ, ಆಯುಷ್ಯ ಕಡಿಮೆಯಾದ ಹಂದಿಗಳಲ್ಲಿ ಪ್ರತಿಕಾಯದ ಒತ್ತಡ ಹೆಚ್ಚಾಗಿರದ ಕಾರಣ ಹಳೆಯ ಮುಖ ಬಹುಕಾಲ ಹಾಗೆಯೇ ಉಳಿಯಿತು. 1998ರ ವೇಳೆಗೆ ಉತ್ತರ ಅಮೆರಿಕದ ಹಂದಿಗಳಲ್ಲಿ ಇದಕ್ಕೆ ಮನುಷ್ಯರ ಎಚ್3ಎನ್2ರ ಗರಿಗಳೂ ಹಕ್ಕಿಗಳ ಗರಿಗಳೂ ಸೇರಿಕೊಂಡುವು. ಮುಂದೆ ಯುರೋಪು ಏಷ್ಯಗಳ ಹಂದಿಗಳ ವೈರಾಣುವಿನಿಂದ ಮತ್ತೆರಡು ಗರಿಗಳು ಕೂಡಿ, 2009ರ ಏಪ್ರಿಲಿನಲ್ಲಿ ಮೆಕ್ಸಿಕೊ ಮತ್ತು ಕ್ಯಾಲಿಫೋರ್ನಿಯಗಳಲ್ಲಿ ಗುರುತಿಸಲ್ಪಟ್ಟ ಎಚ್1ಎನ್1 ಹುಟ್ಟಿತು. ಅದರ ಹೀಮಾಗ್ಲುಟಿನಿನ್ ನೇರವಾಗಿ 1918ರ ಸಂತತಿ. ಆದುದರಿಂದಲೇ ತರುಣರು ಬಿದ್ದಲ್ಲಿ ಅರವತ್ತು ದಾಟಿದವರು ಬಹುಮಟ್ಟಿಗೆ ಪಾರಾದರು. ಅವರ ಬಾಲ್ಯದ ವೈರಾಣು ಹಂದಿಯ ಮೈಯಿಂದ ತಿರುಗಿ ಬಂದಿದ್ದಿತು. ಈಜಿಪ್ಟಿನ ಸರ್ಕಾರ ಹೆದರಿ ಮೂರು ಲಕ್ಷದಷ್ಟು ಹಂದಿಗಳನ್ನು ಕೊಲ್ಲಿಸಲು ಹೊರಟುದು ಆಗಲೇ. ನಾವು ಕೊಟ್ಟ ಸರಕನ್ನು ತೊಂಬತ್ತು ವರ್ಷ ಕಾದಿಟ್ಟು ಹಿಂದಿರುಗಿಸಿದುದಕ್ಕೆ ಆ ಪ್ರಾಣಿಗಳು ತೆತ್ತ ಬೆಲೆ ಅನ್ಯಾಯವಾದುದೆಂದೇ ನನ್ನ ಮತ. ಹೊಸ ವೈರಾಣು ಪುಣೆಯಲ್ಲಿ ಭಾರತದ ಮೊದಲ ಬಲಿಯನ್ನು ತೆಗೆದುಕೊಂಡುದು ಅದೇ ವರ್ಷದ ಆಗಸ್ಟಿನಲ್ಲಿ. 1977ರಿಂದ ಮನುಷ್ಯರಲ್ಲಿ ಓಡಾಡಿಕೊಂಡಿದ್ದ ಹಳೆಯ ಎಚ್1ಎನ್1 ಇದರ ಮುಂದೆ ನಿಲ್ಲಲಾರದೆ ನಿರ್ಮೂಲವಾಯಿತು.

ಮೊದಲ ಪರಿಚಯದ ಈ ಮಹಿಮೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದುದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಎಚ್5ಎನ್1 ಎಂಬ ಹಕ್ಕಿಜ್ವರದಿಂದ ತೀವ್ರವಾಗಿ ಬಳಲಿದವರು ಹೆಚ್ಚಾಗಿ 1968ರ ಈಚೆಗೆ ಹುಟ್ಟಿದವರು; ಎಚ್7ಎನ್9 ಎಂಬ ಇನ್ನೊಂದರಿಂದ ಬಳಲಿದವರು ಅದಕ್ಕೆ ಮುಂಚೆ ಹುಟ್ಟಿದವರು. ಬಾಲ್ಯದಲ್ಲಿ ಎಚ್1 ಅಥವಾ ಎಚ್2ನ್ನು ಕಂಡ ದೇಹ ಅವುಗಳ ದಾಯಾದಿಯಾದ ಎಚ್5ನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಎಚ್3ನ್ನು ಮೊದಲು ಕಂಡ ದೇಹ ಅದರ ದಾಯಾದಿಯಾದ ಎಚ್7ನ್ನು ತಡೆಯುತ್ತದೆ. ಮನುಷ್ಯನ ಹುಟ್ಟಿದ ವರ್ಷ ಅವನ ರೋಗಭವಿಷ್ಯದ ಮೇಲೆ ಇಷ್ಟು ಅಧಿಕಾರ ನಡೆಸುವುದನ್ನು ಜಾತಕ ಬರೆಯುವವರು ಕೇಳಿದರೆ ಹಿಗ್ಗಿಯಾರು.

ಎಚ್5ಎನ್1 ಇನ್ನೂ ಮಹಾಮಾರಿಯಾಗಿಲ್ಲ. 1996ರಲ್ಲಿ ಚೀನದ ಗ್ವಾಂಗ್‌ಡಾಂಗಿನ ಹೆಬ್ಬಾತೊಂದರಲ್ಲಿ ಸಿಕ್ಕ ಈ ವೈರಾಣು ಮರುವರ್ಷ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ತಗಲಿ ಆರು ಮಂದಿಯನ್ನು ಕೊಂದಿತು. 2006ರಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿಫಾರಂಗಳಿಗೆ, 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಟರ್ಕಿ ಕೋಳಿಗಳಿಗೆ ಅದು ಬಂದುದು ಹಲವರಿಗೆ ನೆನಪಿದ್ದೀತು. ಅದು ಮನುಷ್ಯನಿಂದ ಮನುಷ್ಯನಿಗೆ ಹರಡಲು ಇರುವ ಅಡ್ಡಿಗಳು ಮುಖ್ಯವಾಗಿ ಎರಡು. ವೈರಾಣು ಹಿಡಿದುಕೊಳ್ಳುವ ಸಯಾಲಿಕ್ ಆಮ್ಲವೆಂಬ ಸಕ್ಕರೆಯ ಕೊಂಡಿಯು ಹಕ್ಕಿಯ ಕರುಳಿನಲ್ಲಿ ಒಂದು ಕೋನದಲ್ಲಿಯೂ ನಮ್ಮ ಮೂಗು ಗಂಟಲುಗಳಲ್ಲಿ ಇನ್ನೊಂದು ಕೋನದಲ್ಲಿಯೂ ಜೋಡಣೆಗೊಂಡಿದೆ. 1957, 1968ರ ವೈರಾಣುಗಳು ಹೀಮಾಗ್ಲುಟಿನಿನ್ನಿನ 226 ಮತ್ತು 228ನೆಯ ಸ್ಥಾನಗಳ ಎರಡು ಅಮೈನೋ ಆಮ್ಲಗಳನ್ನು ಬದಲಿಸಿಕೊಂಡು ಈ ತಡೆಯನ್ನು ದಾಟಿದ್ದುವು. ಎರಡನೆಯದು ಉಷ್ಣತೆ: ಹಕ್ಕಿಯ ಒಡಲಿನ 41 ಡಿಗ್ರಿಯ ಬಿಸಿಗೆ ಒಗ್ಗಿದ ಲಿಪಿಕಾರ ಕಿಣ್ವ ನಮ್ಮ ಮೂಗಿನ 33 ಡಿಗ್ರಿಯ ತಂಪಿನಲ್ಲಿ ಮಂದವಾಗುತ್ತದೆ, ಪಿಬಿ2 ಎಂಬ ಅಂಗದ 627ನೆಯ ಸ್ಥಾನದಲ್ಲಿ ಒಂದು ಬದಲಾವಣೆಯಾದರೆ ಚುರುಕಾಗುತ್ತದೆ. ಹಂದಿಯ ಶ್ವಾಸನಾಳದಲ್ಲಿ ಎರಡು ಬಗೆಯ ಕೊಂಡಿಗಳೂ ಇವೆಯೆಂಬ ಕಾರಣದಿಂದ ಅದನ್ನು ಬೆರಕೆಯ ಪಾತ್ರೆಯೆಂದು ಶಂಕಿಸುತ್ತ ಬಂದಿದ್ದೇವೆ. ಆಸ್ಪತ್ರೆಗೆ ಬಂದ ಮನುಷ್ಯರ ಗಂಟಲಿನ ಮೇಲೆ ಇಟ್ಟಷ್ಟು ಕಣ್ಣನ್ನು ದೊಡ್ಡಿ ಕೊಟ್ಟಿಗೆಗಳ ಮೇಲೆ ಲೋಕ ಇನ್ನೂ ಇಟ್ಟಿಲ್ಲ.

2024ರ ಮಾರ್ಚಿನಲ್ಲಿ ಯಾರೂ ನಿರೀಕ್ಷಿಸದ ಕಡೆ ಅದು ಕಾಣಿಸಿಕೊಂಡಿತು. ಅಮೆರಿಕದ ಟೆಕ್ಸಸ್ ಮತ್ತು ಕಾನ್ಸಸ್ ಪ್ರಾಂತಗಳ ಹಾಲು ಕರೆಯುವ ಹಸುಗಳ ಕೆಚ್ಚಲನ್ನು ಎಚ್5ಎನ್1 ಹೊಕ್ಕು, ಹಾಲಿನಲ್ಲಿ ತುಂಬಿ ಹರಿಯಿತು. ಅಂತಹ ಕೊಟ್ಟಿಗೆಯೊಂದರಲ್ಲಿ ದುಡಿಯುತ್ತಿದ್ದ ಕೂಲಿಯಾಳೊಬ್ಬನ ಕಣ್ಣುಗಳು ಕೆಂಪಾದುವು. ಅಷ್ಟೇ ಅವನ ಬೇನೆ. ಅವನಿಂದ ತೆಗೆದ ವೈರಾಣುವಿನ ಗರಿಗಳನ್ನು ಓದಿದಾಗ 627ನೆಯ ಸ್ಥಾನದಲ್ಲಿ ಮನುಷ್ಯನಿಗೆ ಒಗ್ಗುವ ಆ ಬದಲಾವಣೆ ಆಗಲೇ ಆಗಿದ್ದುದು ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಹಸುಗಳ ವೈರಾಣುವಿನ ಹೀಮಾಗ್ಲುಟಿನಿನ್ ಪ್ರೋಟೀನನ್ನು ಮಾತ್ರ ಪ್ರತ್ಯೇಕವಾಗಿ ತಯಾರಿಸಿ ಪರೀಕ್ಷಿಸಿದ ವಿಜ್ಞಾನಿಗಳು, 226ನೆಯ ಸ್ಥಾನದ ಒಂದೇ ಒಂದು ಬದಲಾವಣೆಯಿಂದ ಅದು ಮನುಷ್ಯನ ಬಗೆಯ ಕೊಂಡಿಯನ್ನು ಹಿಡಿಯಲು ಕಲಿಯುತ್ತದೆಂದು ತೋರಿಸಿದರು. ಹಿಂದಿನ ಮಹಾಮಾರಿಗಳಿಗೆ ಎರಡು ಬೇಕಾಗಿದ್ದ ಕೆಲಸ ಇದಕ್ಕೆ ಒಂದರಲ್ಲಿ ಆಗುತ್ತದೆ. ಟೆಕ್ಸಸಿನ ಆ ಕೂಲಿಯಾಳಿನ ವೈರಾಣುವಿನಲ್ಲಿ ಆ ಸ್ಥಾನ ಇನ್ನೂ ಹಕ್ಕಿಗಳಲ್ಲಿರುವಂತೆಯೇ ಇದ್ದಿತು.